ರಿಫ್ಲೆಕ್ಸ್ ಸೈಟ್: ಕೋವಿಯ ಮೇಲೊಂದು ಬೆಳಕಿನ ಚುಕ್ಕೆ

ರಿಫ್ಲೆಕ್ಸ್ ಸೈಟ್ ಎಂಬುದು ರೈಫಲ್, ಕೋವಿ, ಪಿಸ್ತೂಲುಗಳ ಮೇಲೆ ಕೂರಿಸುವ ಒಂದು ಗುರಿಸಾಧನ. ಇದರ ಗಾಜಿನ ಮೂಲಕ ಗುರಿಯನ್ನು ನೋಡುವವರಿಗೆ ಬೆಳಕಿನ ಚುಕ್ಕೆಯೊಂದು ಗುರಿಯ ಮೇಲೆಯೇ ಕೂತಂತೆ ಕಾಣುತ್ತದೆ. ಚುಕ್ಕೆ ಇದ್ದಲ್ಲಿಗೆ ಗುಂಡು ಹೋಗುವಂತೆ ಮೊದಲೇ ಹೊಂದಿಸಿಟ್ಟಿರುತ್ತಾರೆ. ಅಂಗಡಿಗಳಲ್ಲಿ, ಶೂಟಿಂಗ್ ಕ್ಲಬ್ಬುಗಳಲ್ಲಿ ಇದಕ್ಕೆ ರೆಡ್ ಡಾಟ್ ಎಂಬ ಹೆಸರೇ ಹೆಚ್ಚು ಬಳಕೆ. ಇದು ದುರ್ಬೀನಲ್ಲ, ದೂರದ್ದನ್ನು ಹತ್ತಿರಕ್ಕೆ ತರುವುದಿಲ್ಲ. ಕೈಯ ನಡುಕವನ್ನೂ ತಿದ್ದುವುದಿಲ್ಲ. ಗುರಿ ಹಿಡಿಯುವವರ ಕಣ್ಣನ್ನು ಗುರಿಯ ಮೇಲೆಯೇ ನಿಲ್ಲಲು ಬಿಡುತ್ತದೆ, ಅಷ್ಟೆ. ಆ ಒಂದು ಕೆಲಸ ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಹಳೆಯ ಲೋಹದ ಸೈಟಿನ ಕಷ್ಟದಿಂದಲೇ ಶುರುಮಾಡಬೇಕು.

ಎನ್‌ಸಿಸಿ ಶಿಬಿರದಲ್ಲಿ ಒಮ್ಮೆಯಾದರೂ .22 ರೈಫಲ್ ಹಿಡಿದು ಮಲಗಿದವರಿಗೆ ಆ ಕಷ್ಟ ಗೊತ್ತು. ಹಿಂದಿನ ಸೈಟು ಕಣ್ಣಿನ ಹತ್ತಿರ, ಮುಂದಿನ ಸೈಟು ನಳಿಗೆಯ ತುದಿಯಲ್ಲಿ, ಗುರಿ ಎಲ್ಲೋ ಆಚೆ. ಮೂರನ್ನೂ ಒಂದೇ ಗೆರೆಗೆ ತರಬೇಕು. ಆದರೆ ಮನುಷ್ಯನ ಕಣ್ಣು ಒಂದು ಸಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಬಲ್ಲದು. ಅದಕ್ಕಾಗಿ ಕಲಿಸುವವರು ಮುಂದಿನ ಸೈಟನ್ನು ಸ್ಪಷ್ಟವಾಗಿ ನೋಡಿ, ಗುರಿ ಮಸುಕಾದರೂ ಪರವಾಗಿಲ್ಲ ಎನ್ನುತ್ತಾರೆ. ಕಾಗದದ ಗುರಿಗೆ ಇದು ಸರಿ. ಗುರಿ ಓಡುತ್ತಿದ್ದರೆ, ಮಬ್ಬುಗತ್ತಲಿದ್ದರೆ, ಎದುರಿಗಿರುವುದು ಏನೆಂದು ಮೊದಲು ಗುರುತಿಸಬೇಕಾಗಿದ್ದರೆ ಅದೇ ಮಸುಕು ಅಪಾಯ ತರುತ್ತದೆ. ನಲವತ್ತು ದಾಟಿ ಚಾಳೀಸು ಬಂದವರ ಪಾಡು ಇನ್ನೂ ಕಷ್ಟ. ಓದುವ ಕನ್ನಡಕ ಹಾಕಿದರೆ ಮುಂದಿನ ಸೈಟು ಕಾಣುತ್ತದೆ, ಗುರಿ ಕಾಣುವುದಿಲ್ಲ. ತೆಗೆದರೆ ಗುರಿ ಕಾಣುತ್ತದೆ, ಸೈಟು ಕಾಣುವುದಿಲ್ಲ.

ಕೆಲಸ ಮಾಡುವ ಬಗೆ

ರಾತ್ರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವರು ಒಂದು ನೋಟವನ್ನು ಕಂಡಿರುತ್ತಾರೆ. ಬಸ್ಸಿನೊಳಗಿನ ದೀಪ ಗಾಜಿನಲ್ಲಿ ಪ್ರತಿಫಲಿಸಿ, ಹೊರಗಿನ ಕತ್ತಲಲ್ಲಿ, ಹೊಲದ ಮೇಲೆ ತೇಲುತ್ತ ಬರುತ್ತಿರುವಂತೆ ತೋರುತ್ತದೆ. ಗಾಜು ಹೊರಗಿನದನ್ನೂ ತೋರಿಸುತ್ತಿದೆ, ಒಳಗಿನ ದೀಪವನ್ನೂ ತೋರಿಸುತ್ತಿದೆ. ರಿಫ್ಲೆಕ್ಸ್ ಸೈಟಿನ ಅರ್ಧ ಗುಟ್ಟು ಇಲ್ಲೇ ಇದೆ. ಉಳಿದರ್ಧ ಗಾಜಿನ ಬಾಗಿನಲ್ಲಿದೆ. ಬಸ್ಸಿನ ಚಪ್ಪಟೆ ಗಾಜಿನಲ್ಲಿ ದೀಪ ಎಷ್ಟು ಈಚೆಗಿದೆಯೋ ಅದರ ಬಿಂಬ ಅಷ್ಟೇ ಆಚೆಗೆ ಕಾಣುತ್ತದೆ. ತಲೆ ಅಲ್ಲಾಡಿಸಿದರೆ ಬಿಂಬ ಜಾಗ ಬದಲಿಸುತ್ತದೆ. ಗಾಜನ್ನು ನಿಮ್ನ ದರ್ಪಣದಂತೆ ಒಳಬಾಗಿಸಿ, ದೀಪವನ್ನು ಸರಿಯಾಗಿ ಅದರ ನಾಭಿಯಲ್ಲಿಟ್ಟರೆ ಪ್ರತಿಫಲಿಸಿದ ಕಿರಣಗಳು ಒಂದಕ್ಕೊಂದು ಸಮಾನಾಂತರವಾಗಿ ಹೊರಡುತ್ತವೆ. ಸಮಾನಾಂತರ ಕಿರಣಗಳೆಂದರೆ ಕಣ್ಣಿನ ಲೆಕ್ಕದಲ್ಲಿ ಬಹುದೂರದಿಂದ ಬಂದ ಕಿರಣಗಳು. ನಾವು ನಡೆದರೆ ಚಂದ್ರನೂ ಜೊತೆಗೆ ನಡೆದು ಬರುತ್ತಾನೆಂದು ಮಕ್ಕಳು ನಂಬುವುದಿಲ್ಲವೇ? ಚಂದ್ರ ಅಷ್ಟು ದೂರವಿರುವುದರಿಂದ ನಾಲ್ಕು ಹೆಜ್ಜೆ ಸರಿದರೆ ಅವನ ದಿಕ್ಕು ಬದಲಾಗುವುದಿಲ್ಲ. ಚುಕ್ಕೆಯೂ ಹಾಗೆಯೇ. ಕಣ್ಣು ಗಾಜಿನ ನಡುವೆ ಇರಲಿ, ಒಂದು ಅಂಚಿಗೆ ಸರಿದಿರಲಿ, ಚುಕ್ಕೆ ತೋರಿಸುವ ದಿಕ್ಕು ಒಂದೇ.

ಹೀಗೆ ಮೂರನ್ನು ಹೊಂದಿಸುವ ಕೆಲಸ ಎರಡಕ್ಕೆ ಇಳಿಯುತ್ತದೆ, ಆ ಎರಡೂ ಕಣ್ಣಿಗೆ ದೂರದಲ್ಲೇ ಇರುವುದರಿಂದ ಎರಡೂ ಒಟ್ಟಿಗೆ ಸ್ಪಷ್ಟ. ಚಾಳೀಸಿನವರಿಗೆ ದೂರ ನೋಡುವ ಕನ್ನಡಕವೊಂದಿದ್ದರೆ ಸಾಕು. ದುರ್ಬೀನಿಗಾದರೆ ಕಣ್ಣನ್ನು ಇಂತಿಷ್ಟೇ ದೂರದಲ್ಲಿಡಬೇಕು. ಇದಕ್ಕೆ ಆ ಕಟ್ಟೂ ಇಲ್ಲ.

ಇಂದಿನ ಸೈಟುಗಳಲ್ಲಿ ದೀಪವೆಂದರೆ ಸಣ್ಣ ಎಲ್‌ಇಡಿ. ಅದು ನೋಟಕ್ಕೆ ಅಡ್ಡಬರದಂತೆ ಒಂದು ಬದಿಗಿರುತ್ತದೆ, ಗಾಜನ್ನು ಅದರ ಕಡೆಗೆ ತುಸು ವಾಲಿಸಿರುತ್ತಾರೆ. ಗಾಜಿನ ಮೇಲೆ ಕೆಂಪು ಬೆಳಕನ್ನು ಮಾತ್ರ ಹಿಂದಕ್ಕೆ ಕಳಿಸಿ ಮಿಕ್ಕ ಬಣ್ಣಗಳನ್ನು ಒಳಬಿಡುವ ಲೇಪ ಇರುತ್ತದೆ. ಹಾಗಾಗಿಯೇ ಇಂಥ ಸೈಟಿನಲ್ಲಿ ನೋಡಿದ ಜಗತ್ತಿಗೆ ನಸುನೀಲಿ ಛಾಯೆ. ಎಲ್‌ಇಡಿಗೆ ಬೇಕಾದ ವಿದ್ಯುತ್ತು ತೀರ ಕಡಿಮೆ. ಉತ್ತಮ ಸೈಟುಗಳು ಒಂದು ಸಣ್ಣ ಬ್ಯಾಟರಿಯಲ್ಲಿ 50,000 ಗಂಟೆ, ಅಂದರೆ ಐದು ವರ್ಷಕ್ಕೂ ಮಿಕ್ಕಿ ಸತತವಾಗಿ ಉರಿಯುತ್ತವೆ. ಬ್ಯಾಟರಿಯೇ ಇಲ್ಲದವೂ ಇವೆ. ಅವು ಹಗಲಲ್ಲಿ ಫೈಬರ್ ಎಳೆಯ ಮೂಲಕ ಹೊರಗಿನ ಬೆಳಕನ್ನು ಹೀರಿ, ಇರುಳಲ್ಲಿ ಟ್ರಿಟಿಯಂ ಅನಿಲದ ದೀಪದ ಹೊಳಪಿನಿಂದ ಚುಕ್ಕೆ ಮೂಡಿಸುತ್ತವೆ. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, ಆದ್ದರಿಂದ ಹಳೆಯದಾದಂತೆ ಮಂಕಾಗುತ್ತದೆ.

ಚಂದ್ರನ ಹೋಲಿಕೆ ಪೂರ್ತಿ ನಿಜವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಕಣ್ಣು ಅಂಚಿಗೆ ಸರಿದರೆ ಚುಕ್ಕೆಯ ದಿಕ್ಕು ಬದಲಾಗದಿದ್ದರೂ ನೋಟದ ಗೆರೆ ಅಷ್ಟು ಪಕ್ಕಕ್ಕೆ ಸರಿದಿರುತ್ತದೆ. ಇದು ಪ್ಯಾರಲಾಕ್ಸ್ ದೋಷ. ಗಾಜು 20 ಮಿ.ಮೀ. ಅಗಲವಿದ್ದರೆ ಈ ತಪ್ಪು ಹೆಚ್ಚೆಂದರೆ 1 ಸೆಂ.ಮೀ. ಕಾಗದದ ಗುರಿಯಲ್ಲಿ ಹತ್ತರ ವೃತ್ತಕ್ಕಾಗಿ ಹೋರಾಡುವವರಿಗೆ ಅದು ದೊಡ್ಡದು, ಬೇರೆಯವರಿಗೆ ಲೆಕ್ಕಕ್ಕಿಲ್ಲದ್ದು. ಪ್ಯಾರಲಾಕ್ಸ್ ಇಲ್ಲವೇ ಇಲ್ಲ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನು ಅಕ್ಷರಶಃ ನಂಬಬಾರದು.

ಡಬ್ಲಿನ್‌ನಿಂದ ಹೊರಟ ಚುಕ್ಕೆ

ಈ ಸಾಧನವನ್ನು ಕಂಡುಹಿಡಿದವರು ಶಸ್ತ್ರ ತಯಾರಕರಲ್ಲ, ನಕ್ಷತ್ರ ನೋಡುವವರಿಗೆ ದೂರದರ್ಶಕ ಮಾಡಿಕೊಡುತ್ತಿದ್ದ ಐರ್ಲೆಂಡಿನ ಸರ್ ಹೋವರ್ಡ್ ಗ್ರಬ್ (1844-1931). ಡಬ್ಲಿನ್ನಿನ ಅವರ ಕಾರ್ಖಾನೆಯ ದೂರದರ್ಶಕಗಳು ಭಾರತಕ್ಕೂ ಬಂದಿದ್ದವು. ಭಾವನಗರದ ಮಹಾರಾಜರ ನೆರವಿನಿಂದ ಪುಣೆಯಲ್ಲಿ 1888ರಲ್ಲಿ ಸ್ಥಾಪಿಸಿದ 20 ಅಂಗುಲದ ಗ್ರಬ್ ದೂರದರ್ಶಕ ಮುಂದೆ ಕೊಡೈಕನಾಲಿಗೆ ಹೋಯಿತು. ಆ ವೀಕ್ಷಣಾಲಯವನ್ನು ಇಂದು ನಡೆಸುತ್ತಿರುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. ಅನಂತ ದೂರದಿಂದ ಬರುವ ಬೆಳಕಿನ ಜೊತೆ ದಿನವೂ ಒಡನಾಡುತ್ತಿದ್ದ ಕುಶಲಕರ್ಮಿಗೆ, ಕೈಯಳತೆಯ ದೀಪವನ್ನು ಅನಂತ ದೂರದಲ್ಲಿದ್ದಂತೆ ತೋರಿಸುವ ಉಪಾಯ ಹೊಳೆದದ್ದು ಸಹಜವೇ. ಗ್ರಬ್ 1900ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ಉಪಾಯ ಸಿಕ್ಕರೂ ದೀಪ ಸಿಕ್ಕಿರಲಿಲ್ಲ. ಹಗಲಿನ ಬೆಳಕಿಗೆ ಎದುರಾಗಿ ಕಾಣುವಷ್ಟು ಪ್ರಕಾಶ ಕೊಡುವ, ಕೋವಿಯ ಒದೆತಕ್ಕೆ ಕೆಟ್ಟುಹೋಗದ ಸಣ್ಣ ಬಲ್ಬು ಆ ಕಾಲದಲ್ಲಿ ಎಲ್ಲಿತ್ತು? ಆದ್ದರಿಂದ ಗ್ರಬ್ಬರ ಚುಕ್ಕೆ ಮೊದಲು ನೆಲೆ ಕಂಡದ್ದು ವಿಮಾನಗಳಲ್ಲಿ. 1918ರಲ್ಲಿ ಜರ್ಮನಿಯ ಓಯ್ಗೆ ಸಂಸ್ಥೆಯ ಸೈಟುಗಳು ಕಾದಾಟದ ವಿಮಾನಗಳಿಗೆ ಬಂದವು. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ಮತ್ತು ಹರಿಕೇನ್ ಪೈಲಟ್‌ಗಳು ಬಾರ್ ಅಂಡ್ ಸ್ಟ್ರೌಡ್ ಕಂಪನಿಯ ಸೈಟಿನ ಬೆಳಕಿನ ವೃತ್ತದಲ್ಲಿ ಗುರಿ ಹಿಡಿದರು. ಪೈಲಟ್‌ನ ಕಣ್ಣೆದುರಿನ ಗಾಜಿನಲ್ಲೇ ಮಾಹಿತಿ ತೋರಿಸುವ, ಇಂದಿನ ಯುದ್ಧವಿಮಾನಗಳ ಹೆಡ್ ಅಪ್ ಡಿಸ್‌ಪ್ಲೇ ಇದೇ ವಂಶದ ಕುಡಿ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕಟ್ಟುವ ತೇಜಸ್‌ನಲ್ಲೂ ಅದಿದೆ. ಅದನ್ನು ರೂಪಿಸಿದ್ದು ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆ (ಸಿಎಸ್‌ಐಒ).

ಕೋವಿಯ ಕಡೆಗೆ ಬಂದರೆ, ಯುದ್ಧ ಮುಗಿಯುತ್ತಿದ್ದಂತೆ ಅಮೆರಿಕದಲ್ಲಿ ನೈಡಾರ್ ಎಂಬ ಸೈಟು ಕಾಣಿಸಿಕೊಂಡಿತು. ಹಾರುವ ಹಕ್ಕಿ ಹೊಡೆಯುವವರಿಗಾಗಿಯೇ ಮಾಡಿದ ಅದರಲ್ಲಿ ಬಲ್ಬು ಇರಲಿಲ್ಲ, ಸುತ್ತಲಿನ ಬೆಳಕೇ ಗುರುತನ್ನು ಮೂಡಿಸುತ್ತಿತ್ತು. ಬೆಳಕು ಕುಂದಿದರೆ ಗುರುತೂ ಕುಂದುತ್ತಿತ್ತು. ಸಮಸ್ಯೆಗೆ ಸರಿಯಾದ ಉತ್ತರ ಸಿಕ್ಕಿದ್ದು ಎಲ್‌ಇಡಿ ಬಂದ ಮೇಲೆ. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ತನ್ನ ಮೊದಲ ಎಲೆಕ್ಟ್ರಾನಿಕ್ ಸೈಟನ್ನು ಮಾರುಕಟ್ಟೆಗೆ ತಂದಿತು. ಮೊದಲು ಒಲಿದವರು ಬೇಟೆಗಾರರು, ಆಮೇಲೆ ಓಡುತ್ತ ಹೊಡೆಯುವ ಪಂದ್ಯಗಳ ಸ್ಪರ್ಧಿಗಳು. ಸೈನ್ಯಗಳು ಬಹಳ ಕಾಲ ಬ್ಯಾಟರಿಯನ್ನು ನಂಬಲಿಲ್ಲ. 1997ರಲ್ಲಿ ಅಮೆರಿಕದ ಸೇನೆ ಏಮ್‌ಪಾಯಿಂಟ್ ಸೈಟನ್ನು ಎಂ68 ಎಂಬ ಹೆಸರಿನಲ್ಲಿ ಒಪ್ಪಿಕೊಂಡ ಮೇಲೆ ಲೋಹದ ಸೈಟು ಎರಡನೇ ಸಾಲಿಗೆ ಸರಿಯಿತು. 1996ರಲ್ಲಿ ಬಂದ ಹೋಲೋಗ್ರಾಫಿಕ್ ಸೈಟು ನೋಡಲು ಇದರಂತೆಯೇ ಇದ್ದರೂ ಲೇಸರ್ ಮತ್ತು ಹೋಲೋಗ್ರಾಂ ನೆಚ್ಚಿಕೊಂಡದ್ದು. ಬಳಸುವ ಕ್ರಮ ಒಂದೇ, ಒಳಗಿನ ಯಂತ್ರ ಬೇರೆ.

ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಇಸ್ರೇಲಿನ ತಾವೋರ್ ರೈಫಲ್ ರಿಫ್ಲೆಕ್ಸ್ ಸೈಟನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪುಗೊಂಡದ್ದು. ಭಾರತದ ವಿಶೇಷ ಪಡೆಗಳು ಅದನ್ನು ಬಳಸುತ್ತವೆ. ಒಲಿಂಪಿಕ್ ಶೂಟಿಂಗಿನ ರೈಫಲ್, ಪಿಸ್ತೂಲು ವಿಭಾಗಗಳಲ್ಲಿ ಮಾತ್ರ ಈ ಚುಕ್ಕೆಗೆ ಪ್ರವೇಶವಿಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಸಣ್ಣ ತೂತಿನ ಸೈಟಿನಲ್ಲಿ ಕಣ್ಣಿಟ್ಟು. ಹಾರುವ ಮಣ್ಣಿನ ತಟ್ಟೆಗೆ ಹೊಡೆಯುವ ಟ್ರ್ಯಾಪ್, ಸ್ಕೀಟ್ ಪಂದ್ಯಗಳಲ್ಲೂ ಬೆಳಕು ಸೂಸುವ ಸಾಧನ ನಿಷಿದ್ಧ. ಐಪಿಎಸ್‌ಸಿ ಮಾದರಿಯ ಪ್ರಾಯೋಗಿಕ ಶೂಟಿಂಗಿನ ಓಪನ್ ವಿಭಾಗಗಳಲ್ಲಾದರೋ ಇದರದ್ದೇ ರಾಜ್ಯ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮೋಜಿನ ಬೇಟೆ ನಿಂತುಹೋಗಿದೆ, ನಿಲ್ಲಬೇಕಾದದ್ದೇ. ಆದ್ದರಿಂದ ಈ ಲೇಖನದಲ್ಲಿ ಬರುವ ಬೇಟೆಯ ಮಾತು ಹೊರದೇಶಗಳಿಗೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ ಕೋವಿ ಮನೆಯ ವಸ್ತುವಾಗಿ ಉಳಿದಿರುವುದು ಮುಖ್ಯವಾಗಿ ಕೊಡಗಿನಲ್ಲಿ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಹಿಡುವಳಿ ಉಳ್ಳವರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕಿಗೆ, ಅಂದರೆ ಕೋವಿಗೆ, ಹೂವಿಟ್ಟು ಪೂಜೆ ಮಾಡಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಅಲ್ಲಿ ಕಾಯಿ ಒಡೆಯುವುದು ನಳಿಗೆಯ ತುದಿಯ ಸಣ್ಣ ಮಣಿಯ ಮೇಲಿಂದ ನೋಡಿ ಪಳಗಿದ ಕಣ್ಣು. ಚುಕ್ಕೆಯ ಸೈಟು ಬಂದರೂ ಬಾರದಿದ್ದರೂ ಆ ಕಣ್ಣಿನ ಬೆಲೆ ಬೇರೆಯೇ.

ಕೂರಿಸುವುದು, ಝೀರೋ ಮಾಡುವುದು

ಹೊಸ ರೈಫಲುಗಳ ಬೆನ್ನಿನ ಮೇಲೆ ಹಲ್ಲುಹಲ್ಲಾದ ಪಟ್ಟಿಯೊಂದಿರುತ್ತದೆ. ಇದು 1995ರಲ್ಲಿ ಅಮೆರಿಕದ ಸೈನಿಕ ಮಾನಕವಾದ ಪಿಕಟಿನ್ನಿ ರೈಲು. ಸೈಟಿನ ಅಡಿಪಟ್ಟಿ ಇದರ ಕಚ್ಚಿನಲ್ಲಿ ಕೂತು ಸ್ಕ್ರೂವಿನಿಂದ ಬಿಗಿಯಾಗುತ್ತದೆ. ಕೂರಿಸಿದ ಮೇಲೆ ಸೈಟನ್ನು ಮುಂದಕ್ಕೆ ತಳ್ಳಿ ಹಿಡಿದೇ ಬಿಗಿಯಬೇಕು, ಇಲ್ಲವಾದರೆ ನಾಲ್ಕು ಗುಂಡು ಹಾರಿದ ಮೇಲೆ ಒದೆತಕ್ಕೆ ತಾನೇ ಸರಿದು ಕೂರುತ್ತದೆ, ಮಾಡಿದ ಹೊಂದಾಣಿಕೆಯೆಲ್ಲ ವ್ಯರ್ಥ.

ಇನ್ನು ಝೀರೋ. ಚುಕ್ಕೆ ಮತ್ತು ಗುಂಡು ಒಂದೇ ಜಾಗದಲ್ಲಿ ಸೇರುವಂತೆ ಮಾಡುವ ಈ ಕೆಲಸದಲ್ಲಿ ಅವಸರ ಮಾಡಿದವರು ಆಮೇಲೆ ಸೈಟನ್ನು ಬೈಯುತ್ತಾರೆ. ರೈಫಲನ್ನು ಮರಳಿನ ಚೀಲದ ಮೇಲಿಟ್ಟು, 25 ಮೀಟರ್ ದೂರದ ಕಾಗದಕ್ಕೆ, ಒಂದೇ ಬಿಂದುವಿಗೆ ಗುರಿಯಿಟ್ಟು ಮೂರು ಗುಂಡು. ಒಂದು ಗುಂಡು ನೋಡಿ ತಿರುಪು ತಿರುಗಿಸಲು ಹೋಗಬಾರದು. ಮೂರರ ಗ್ರೂಪು ನೋಡಬೇಕು, ಅದರ ನಡುಬಿಂದು ಹಿಡಿಯಬೇಕು. ಗ್ರೂಪು ಎಡಕ್ಕೆ 4 ಸೆಂ.ಮೀ., ಕೆಳಕ್ಕೆ 3 ಸೆಂ.ಮೀ. ಬಿದ್ದಿದೆ ಎನ್ನೋಣ. ಸೈಟಿನ ತಿರುಪಿನ ಅಳತೆ ಎಂಒಎಯಲ್ಲಿರುತ್ತದೆ. ಒಂದು ಎಂಒಎ ಅಂದರೆ ಡಿಗ್ರಿಯ 60ನೇ ಒಂದು ಭಾಗ. 100 ಮೀಟರಿನಲ್ಲಿ ಅದು ಸುಮಾರು 2.9 ಸೆಂ.ಮೀ., 25 ಮೀಟರಿನಲ್ಲಿ ಸುಮಾರು 7.3 ಮಿ.ಮೀ. ತಿರುಪಿನ ಒಂದೊಂದು ಕ್ಲಿಕ್ಕಿಗೆ ಅರ್ಧ ಎಂಒಎ ಇದ್ದರೆ ಇಲ್ಲಿ ಒಂದು ಕ್ಲಿಕ್ಕು 3.6 ಮಿ.ಮೀ. ಹಾಗಾದರೆ ಬಲಕ್ಕೆ 11, ಮೇಲಕ್ಕೆ 8. ಮತ್ತೆ ಮೂರು ಗುಂಡು ಹೊಡೆದು ನೋಡಬೇಕು.

ಎಷ್ಟು ದೂರಕ್ಕೆ ಝೀರೋ ಮಾಡಬೇಕೆಂಬುದು ಬೇರೆ ಪ್ರಶ್ನೆ. ಸೈಟು ನಳಿಗೆಯ ಮೇಲೆ ಕೂತಿರುತ್ತದೆ. ಎಆರ್-15 ಮಾದರಿಯ ರೈಫಲಿನಲ್ಲಿ ಈ ಎತ್ತರ ಸುಮಾರು 6.6 ಸೆಂ.ಮೀ. ಗುಂಡು ಕೆಳಗಿನಿಂದ ಹೊರಟು ಮೇಲಿನ ನೋಟದ ಗೆರೆಯನ್ನು ಹೋಗಿ ಸೇರಬೇಕು. 25 ಮೀಟರಿಗೆ ಝೀರೋ ಮಾಡಿದರೆ 5 ಮೀಟರಿನಲ್ಲಿ ಗುಂಡು ಚುಕ್ಕೆಗಿಂತ 5 ಸೆಂ.ಮೀ. ಕೆಳಗೆ ಬೀಳುತ್ತದೆ, 100 ಮೀಟರಿನಲ್ಲಿ ಹದಿನಾಲ್ಕು ಹದಿನೈದು ಸೆಂ.ಮೀ. ಮೇಲೆ ಹೋಗುತ್ತದೆ. ಅದೇ 5.56 ಮಿ.ಮೀ. ರೈಫಲನ್ನು 50 ಮೀಟರಿಗೆ ಝೀರೋ ಮಾಡಿದರೆ 25ರಿಂದ 200 ಮೀಟರಿನವರೆಗೂ ಗುಂಡು ನೋಟದ ಗೆರೆಗೆ ನಾಲ್ಕು ಬೆರಳಿನೊಳಗೇ ಇರುತ್ತದೆ. ಬಹಳ ಮಂದಿ 50 ಮೀಟರನ್ನು ಮೆಚ್ಚುವುದು ಇದೇ ಕಾರಣಕ್ಕೆ. ಹತ್ತಿರದ ಗುರಿಗೆ ಗುಂಡು ಕೆಳಗೆ ಬೀಳುವುದನ್ನು ಮಾತ್ರ ಯಾವ ಝೀರೋ ಕೂಡ ತಪ್ಪಿಸಲಾರದು, ಅದನ್ನು ನೆನಪಿನಲ್ಲಿಟ್ಟುಕೊಂಡೇ ಹೊಡೆಯಬೇಕು.

ಚುಕ್ಕೆಯ ಗಾತ್ರವೂ ಎಂಒಎಯಲ್ಲೇ. 2 ಎಂಒಎ ಚುಕ್ಕೆ 100 ಮೀಟರಿನಲ್ಲಿ ಸುಮಾರು 5.8 ಸೆಂ.ಮೀ. ಅಗಲ ಮುಚ್ಚುತ್ತದೆ, 6 ಎಂಒಎ ಚುಕ್ಕೆ 17 ಸೆಂ.ಮೀ. ದೂರದ ರೈಫಲಿಗೆ ಸಣ್ಣದು, ಹತ್ತಿರದ ವೇಗದ ಕೆಲಸಕ್ಕೆ ದೊಡ್ಡದು.

ಎರಡೂ ಕಣ್ಣು ತೆರೆದು

ಲೋಹದ ಸೈಟಿಗೆ ಒಂದು ಕಣ್ಣು ಮುಚ್ಚಿ ಕಲಿತವರು ಇಲ್ಲಿ ಆ ಅಭ್ಯಾಸವನ್ನು ಬಿಡಬೇಕಾಗುತ್ತದೆ. ಎರಡೂ ಕಣ್ಣು ತೆರೆದು ಗುರಿಯನ್ನು ನೋಡುತ್ತ ರೈಫಲನ್ನು ಭುಜಕ್ಕೆ ತಂದರೆ, ನೋಟ ಅಲ್ಲಾಡದೆ ಚುಕ್ಕೆಯೇ ಬಂದು ಗುರಿಯ ಮೇಲೆ ಕೂರುತ್ತದೆ. ಸೈಟಿನ ಚೌಕಟ್ಟು ಮಂಜಿನಂತೆ ಕರಗುತ್ತದೆ. ಹೊಸಬರು ಮಾಡುವ ತಪ್ಪು ಚುಕ್ಕೆಯನ್ನು ಹುಡುಕುವುದು. ಗಾಜಿನೊಳಗೆ ಕಣ್ಣು ಹಾಕಿ ಕತ್ತು ಅತ್ತಿತ್ತ ಹೊರಳಿಸುತ್ತಾರೆ, ಅಷ್ಟರಲ್ಲಿ ಗುರಿ ಕೈತಪ್ಪಿರುತ್ತದೆ. ಚುಕ್ಕೆ ಕಾಣದಿದ್ದರೆ ತಪ್ಪು ಕೆನ್ನೆ ಕೂರುವ ಜಾಗದಲ್ಲಿ. ಖಾಲಿ ರೈಫಲನ್ನು, ಖಾಲಿ ಎಂದು ಎರಡೆರಡು ಸಲ ನೋಡಿಕೊಂಡು, ಗೋಡೆಯ ಒಂದು ಗುರುತಿನ ಕಡೆ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಎತ್ತಿ ಇಳಿಸಿದರೆ ಕೆನ್ನೆ ತಾನೇ ಜಾಗ ಕಲಿಯುತ್ತದೆ.

ಚುಕ್ಕೆಯ ಪ್ರಕಾಶವನ್ನು ಕಾಣುವಷ್ಟಕ್ಕೆ ಮಾತ್ರ ಇಡಬೇಕು. ಹೆಚ್ಚಿಸಿದರೆ ಅದು ಹೂವಿನಂತೆ ಅರಳಿ ಗುರಿಯನ್ನೇ ನುಂಗುತ್ತದೆ. ಕೆಲವರಿಗೆ ಎಷ್ಟು ಇಳಿಸಿದರೂ ಚುಕ್ಕೆ ದುಂಡಗೆ ಕಾಣದೆ ಬಾಲ ಬಿಟ್ಟ ನಕ್ಷತ್ರದಂತೆ, ಒಮ್ಮೊಮ್ಮೆ ಎರಡಾಗಿ ಕಾಣುತ್ತದೆ. ಅದು ಸೈಟಿನ ದೋಷವೆಂದು ಅಂಗಡಿಗೆ ಮರಳಿಸಲು ಹೋಗುವ ಮುಂಚೆ ಮೊಬೈಲಿನ ಕ್ಯಾಮೆರಾವನ್ನು ಸೈಟಿನ ಹಿಂದಿಟ್ಟು ಒಂದು ಫೋಟೋ ತೆಗೆಯಬೇಕು. ಫೋಟೋದಲ್ಲಿ ಚುಕ್ಕೆ ದುಂಡಗಿದ್ದರೆ ದೋಷ ಕಣ್ಣಿನದು, ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಎಂದು ಬರೆಯುತ್ತಾರಲ್ಲ, ಅದು. ಸರಿಯಾದ ಕನ್ನಡಕ ಹಾಕಿದರೆ ಬಹುಮಟ್ಟಿಗೆ ಹೋಗುತ್ತದೆ.

ಜೋಡು ನಳಿಗೆಯ ಬೇರೆ ನ್ಯಾಯ

ಚರೆ ಹಾರಿಸುವ ಕೋವಿಗೆ ಹಿಂದಿನ ಸೈಟೇ ಇರುವುದಿಲ್ಲ. ಹೊಡೆಯುವವರ ಕಣ್ಣೇ ಹಿಂದಿನ ಸೈಟು. ಆದ್ದರಿಂದಲೇ ಒಳ್ಳೆಯ ಕೋವಿಯನ್ನು ಅಂಗಿ ಹೊಲಿಸಿದಂತೆ ಮೈಗೆ ಅಳತೆ ನೋಡಿ ಮಾಡಿಸುತ್ತಿದ್ದರು. ಹಾರುವ ಮಣ್ಣಿನ ತಟ್ಟೆಗೆ ಹೊಡೆಯುವವರು ಮಣಿಯನ್ನು ಸರಿಯಾಗಿ ನೋಡುವುದೂ ಇಲ್ಲ. ತಟ್ಟೆಯ ಮೇಲೆ ಕಣ್ಣು, ಅದರ ಮುಂದಕ್ಕೆ ನಳಿಗೆಯ ಬೀಸು. ಇಂಥ ಕೋವಿಯ ಮೇಲೆ ಚುಕ್ಕೆ ಕೂರಿಸಿದರೆ ಕಣ್ಣು ತಟ್ಟೆಯನ್ನು ಬಿಟ್ಟು ಚುಕ್ಕೆಗೆ ಅಂಟಿಕೊಳ್ಳುತ್ತದೆ. ಕಣ್ಣು ನಿಂತ ಕ್ಷಣ ಬೀಸೂ ನಿಲ್ಲುತ್ತದೆ, ಚರೆ ತಟ್ಟೆಯ ಹಿಂದೆ ಹೋಗುತ್ತದೆ. ನೈಡಾರ್ ಕಾಲದಿಂದಲೂ ತಯಾರಕರು ಹಕ್ಕಿ ಹೊಡೆಯುವವರನ್ನು ಒಲಿಸಲು ಯತ್ನಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಹಾರುವ ಗುರಿಗೆ ಮಣಿಯೇ ಸಾಕು.

ನಿಂತ ಗುರಿಯ ವಿಷಯ ಬೇರೆ. ಅಮೆರಿಕದಲ್ಲಿ ವಸಂತಕಾಲದ ಕಾಡು ಟರ್ಕಿ ಬೇಟೆಯಲ್ಲಿ, ನಳಿಗೆಯ ತುದಿ ಕಿರಿದಾದ ಕೋವಿಯಿಂದ ಚರೆಯನ್ನು ಒತ್ತಾಗಿ ಹಕ್ಕಿಯ ತಲೆ, ಕತ್ತಿಗೆ ಬೀಳಿಸಬೇಕು. ಚರೆ ಅಷ್ಟು ಒತ್ತಾಗಿ ಹೋಗುವಾಗ ಅಂದಾಜು ಸಾಲದು. ಎಷ್ಟೋ ಕೋವಿಗಳ ಚರೆಗುಚ್ಛ ಮಣಿ ತೋರಿಸಿದಲ್ಲಿಗೆ ಬೀಳುವುದೇ ಇಲ್ಲ. ದೊಡ್ಡ ಕಾಗದಕ್ಕೆ ಹೊಡೆದು, ತೂತುಗಳ ನಡುಬಿಂದು ಹಿಡಿದು, ಚುಕ್ಕೆಯನ್ನು ಅಲ್ಲಿಗೆ ಸರಿಸುವ ಸೌಲಭ್ಯ ಮಣಿಗೆ ಎಲ್ಲಿದೆ? ಸ್ಲಗ್ ಎಂಬ ಒಂಟಿ ದಪ್ಪಗುಂಡು ಹಾರಿಸುವಾಗ ಕೋವಿ ರೈಫಲಿನ ಸಾಲಿಗೇ ಸೇರುತ್ತದೆ. 50 ಮೀಟರಿಗೆ ಝೀರೋ ಮಾಡಿದರೆ ಕೆಲಸ ಸಾಗುತ್ತದೆ. ಇಲ್ಲಿ ಒಂದು ತೊಡಕು ಮಾತ್ರ ಎಲ್ಲರಿಗೂ ಎದುರಾಗುತ್ತದೆ. ಕೋವಿಯ ಬಟ್ಟು, ಅಂದರೆ ಭುಜಕ್ಕೊತ್ತಿ ಕೆನ್ನೆಯೂರುವ ಹಿಂಭಾಗ, ಮಣಿಯ ಎತ್ತರಕ್ಕೆ ಮಾಡಿದ್ದು, ಚುಕ್ಕೆ ಅದಕ್ಕಿಂತ ಮೇಲೆ. ಚುಕ್ಕೆ ಕಾಣಲು ಕೆನ್ನೆಯನ್ನು ಬಟ್ಟಿನಿಂದ ಎತ್ತಿದರೆ 12 ಬೋರಿನ ಒದೆತ ದವಡೆಗೆ ಬಡಿಯುತ್ತದೆ. ಸೈಟನ್ನು ಆದಷ್ಟು ತಗ್ಗಿಸಿ ಕೂರಿಸಬೇಕು, ಇಲ್ಲವೇ ಬಟ್ಟಿನ ಮೇಲೆ ಚರ್ಮದ ಮೆತ್ತೆ ಕಟ್ಟಿ ಕೆನ್ನೆಯನ್ನು ಏರಿಸಬೇಕು.

ಮಳೆ, ಕತ್ತಲೆ, ಸ್ಕ್ರೂ

ಸಣ್ಣ ತೆರೆದ ಸೈಟುಗಳಲ್ಲಿ ಎಲ್‌ಇಡಿಗೂ ಗಾಜಿಗೂ ನಡುವಿನ ಜಾಗ ಬಯಲು. ಮಳೆಹನಿಯೊಂದು ಎಲ್‌ಇಡಿಯ ಮೇಲೆ ಕೂತರೆ ಚುಕ್ಕೆ ಒಡೆದು ಚೆಲ್ಲಾಪಿಲ್ಲಿ. ಮಲೆನಾಡಿನಂಥ ಮಳೆಯಲ್ಲಿ ಕೆಲಸ ಮಾಡುವವರಿಗೆ ಮುಚ್ಚಿದ ಕೊಳವೆಯ ಸೈಟೇ ಸರಿ. ಗಾಜನ್ನು ಅಂಗಿಯ ಚುಂಗಿನಿಂದ ಒರೆಸಿದರೆ ಲೇಪ ಗೀಚುತ್ತದೆ. ಊದಿ ಧೂಳು ಹಾರಿಸಿ, ಲೆನ್ಸ್ ಒರೆಸುವ ಬಟ್ಟೆ ಬಳಸಬೇಕು. ಕತ್ತಲಲ್ಲಿ ಚುಕ್ಕೆ ಚೆನ್ನಾಗಿ ಹೊಳೆಯುತ್ತದೆ, ಆದರೆ ಅದರ ಹಿಂದೆ ಇರುವುದು ಏನು, ಯಾರು ಎಂಬುದನ್ನು ತೋರಿಸುವುದಿಲ್ಲ. ಗುರಿಯನ್ನು ಗುರುತಿಸಲು ಬೇರೆ ಬೆಳಕು ಬೇಕೇ ಬೇಕು. ಗುರುತಿಸದೆ ಚುಕ್ಕೆಯನ್ನು ನಂಬಿ ಗುಂಡು ಹಾರಿಸುವುದು ಅಕ್ಷಮ್ಯ.

ಬ್ಯಾಟರಿಯನ್ನು ವರ್ಷಕ್ಕೊಮ್ಮೆ, ಒಂದೇ ತಾರೀಖಿಗೆ ಬದಲಿಸುವುದು ವಾಡಿಕೆ. ಚುಕ್ಕೆ ಆರಿಹೋದರೆ ಇರಲೆಂದು ರೈಫಲಿನ ಮೇಲೆ ಲೋಹದ ಸೈಟನ್ನೂ ಉಳಿಸಿಕೊಳ್ಳುತ್ತಾರೆ. ಬ್ಯಾಟರಿಗಿಂತ ಹೆಚ್ಚಾಗಿ ಕೈಕೊಡುವುದು ಸ್ಕ್ರೂ, ಅದರಲ್ಲೂ 12 ಬೋರ್ ಕೋವಿಯಲ್ಲಿ. ಬಿಗಿದ ಮೇಲೆ ಸ್ಕ್ರೂವಿನ ತಲೆಯಿಂದ ಅಡಿಪಟ್ಟಿಯವರೆಗೆ ಉಗುರುಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆದಿಡುತ್ತಾರೆ. ಕೋವಿಯನ್ನು ಕೈಗೆತ್ತಿಕೊಂಡಾಗಲೆಲ್ಲ ಮೊದಲು ನೋಡುವುದು ಆ ಗೆರೆಯನ್ನು. ಸ್ಕ್ರೂ ತುಸು ತಿರುಗಿದ್ದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಆಗ ಬಿಗಿದು, ಮತ್ತೆ ಮರಳಿನ ಚೀಲದ ಮೇಲಿಟ್ಟು, ಮೊದಲಿನಿಂದ ಝೀರೋ ಮಾಡಬೇಕು.